ಗಡಿಗೆಯ ಬಾಯಿ, ಲೋಕದ ಬಾಯಿ

“ಗಡಿಗೆಯ ಬಾಯಿ ಮುಚ್ಚಬಹುದು, ಲೋಕದ ಬಾಯಿ ಮುಚ್ಚಲಾಗದು” ಎಂಬ ಗಾದೆಯು, ಗಡಿಗೆಯಿದ್ದಲ್ಲಿ ಮಡಕೆಯಾಗಿಯೂ ಲೋಕವಿದ್ದಲ್ಲಿ ಊರಾಗಿಯೂ ಅಲ್ಪಸ್ವಲ್ಪ ರೂಪಾಂತರ ಹೊಂದುತ್ತ, ನಮ್ಮ ನಾಡಿನ ಬಹುಭಾಗದಲ್ಲಿ ಬಳಕೆಯಲ್ಲಿದೆ. ಮದುವೆ ಮುರಿದುಬಿದ್ದ ಮನೆಯಲ್ಲಿ, ವ್ಯಾಪಾರ ಕೈಕೊಟ್ಟ ಅಂಗಡಿಯಲ್ಲಿ, ಹತ್ತು ಮಂದಿ ನಡೆಯದ ದಾರಿಯಲ್ಲಿ ನಡೆದು ಬಂದವನ ಜಗುಲಿಯ ಮೇಲೆ, ಹಿರಿಯರೊಬ್ಬರು ಈ ಮಾತನ್ನಾಡಿ ನಿಟ್ಟುಸಿರು ಬಿಟ್ಟರೆಂದರೆ ಅಲ್ಲಿಗೆ ಆ ಪ್ರಸ್ತಾಪ ಮುಗಿಯಿತೆಂದೇ ಅರ್ಥ. ಹೀಗಾಗಿ ಇದು ಸೋತವರ ಸಮಾಧಾನಕ್ಕೆಂದೇ ಹುಟ್ಟಿದ ಮಾತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನಗಾದರೋ ಇದರಲ್ಲಿ ನಿಟ್ಟುಸಿರಿಗಿಂತ ಗಟ್ಟಿಯಾದುದೊಂದು ಅಡಗಿದೆಯೆಂದು ತೋರುತ್ತದೆ.

ಗಾದೆಯ ಎರಡು ಭಾಗಗಳಲ್ಲಿ ನಾವು ಕಿವಿಗೊಡುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದನ್ನು ಪ್ರಾಸಕ್ಕಾಗಿ ಜೋಡಿಸಿದ ಅಲಂಕಾರವೆಂದು ಬಿಟ್ಟುಬಿಡುತ್ತೇವೆ. ಆದರೆ ಗಡಿಗೆಯ ಬಾಯಿ ಮುಚ್ಚಬಹುದೆಂದು ಮೊದಲು ಹೇಳಿದವನು, ಮನುಷ್ಯನ ಕೈಗೆ ಎಟುಕುವುದು ಯಾವುದು, ಎಟುಕದಿರುವುದು ಯಾವುದು ಎಂಬ ಗೆರೆಯನ್ನು ಎಳೆಯುತ್ತಿದ್ದಾನೆ. ಹೊಸದೊಂದು ವಿಚಾರವನ್ನು ಕೈಗೊಂಡವನು ತನ್ನ ಶಕ್ತಿಯ ಮುಕ್ಕಾಲು ಪಾಲನ್ನು ಎಟುಕದಿರುವುದರ ಮೇಲೆಯೇ, ಎಂದರೆ ಪರರ ಬಾಯಿಗೆ ಮುಚ್ಚಳ ಹುಡುಕುವುದರಲ್ಲಿಯೇ, ವ್ಯಯಮಾಡುವುದುಂಟು. ಇನ್ನೊಂದು ಸ್ವಾರಸ್ಯವೆಂದರೆ, ಗಾದೆಯು ಬಾಯಿಯ ವಿಚಾರವನ್ನು ಮಾತ್ರ ಹೇಳಿ ಕಿವಿಯ ವಿಚಾರದಲ್ಲಿ ಮೌನ ತಾಳಿದೆ. ಲೋಕದ ಬಾಯಿ ಮುಚ್ಚಲಾಗದೆಂಬುದು ನಿಶ್ಚಯವಾದ ಮೇಲೆ ಆ ಬಾಯಿಯಿಂದ ಬಂದದ್ದನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಗಾದೆಯು ನಮಗೇ ಬಿಟ್ಟಿದೆ.

ಟೀಕೆಯಿಂದ ಛಲ ಹುಟ್ಟುತ್ತದೆ, ಛಲದಿಂದ ಕಾರ್ಯ ಸಿದ್ಧಿಸುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಆದರೆ ನಮ್ಮ ಹಳೆಯ ಕವಿಗಳು ಛಲಕ್ಕೆ ಮಾದರಿಯಾಗಿ ಆರಿಸಿಕೊಂಡವನು ದುರ್ಯೋಧನನೆಂಬುದನ್ನು ಮರೆಯಬಾರದು. ರನ್ನನ ಗದಾಯುದ್ಧದಲ್ಲಿ ಅವನ ಛಲವನ್ನು ಕಂಡು ಕಣ್ಣು ತೇವವಾಗದ ಓದುಗನಿರಲಾರನು. ಆದರೂ ಆ ಛಲವು ಅವನಿಗೆ ಉದಾತ್ತವಾದ ಮರಣವನ್ನು ಕೊಟ್ಟಿತೇ ಹೊರತು ರಾಜ್ಯವನ್ನು ಉಳಿಸಿಕೊಡಲಿಲ್ಲ, ಹಿತವಾದವನ್ನು ಕೇಳುವ ಕಿವಿಯನ್ನಂತೂ ಕೊಡಲೇ ಇಲ್ಲ. ಛಲವು ಎಬ್ಬಿಸುತ್ತದೆ, ಕಲಿಸುವುದಿಲ್ಲ. ಹೊಸ ವಿಚಾರದ ಸಾಧಕನಿಗೆ ಎಬ್ಬಿಸುವವರಿಗಿಂತ ಕಲಿಸುವವರ ಅಗತ್ಯವೇ ಹೆಚ್ಚು. ವಿಚಿತ್ರವೆಂದರೆ ಆ ಕಲಿಸುವವರು ಬಹುಮಟ್ಟಿಗೆ ಅವನ ವಿರೋಧಿಗಳ ಗುಂಪಿನಲ್ಲಿಯೇ ಇರುತ್ತಾರೆ.

ಇದಕ್ಕೆ ಚಾರ್ಲ್ಸ್ ಡಾರ್ವಿನ್ನನ ಬಾಳಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಬೀಗಲ್ ಹಡಗಿನ ಐದು ವರ್ಷಗಳ ಪ್ರಯಾಣವನ್ನು ಮುಗಿಸಿ 1836ರಲ್ಲಿ ಇಂಗ್ಲೆಂಡಿಗೆ ಮರಳಿದ ಆತನಿಗೆ, ಜೀವಿಗಳ ಜಾತಿಗಳು ಸ್ಥಿರವಲ್ಲ, ಪ್ರಕೃತಿಯ ಆಯ್ಕೆಯಿಂದ ಅವು ಕಾಲಕ್ರಮದಲ್ಲಿ ಮಾರ್ಪಡುತ್ತವೆ ಎಂಬ ವಿಚಾರವು ಎರಡು ವರ್ಷಗಳೊಳಗಾಗಿ ಹೊಳೆದಿತ್ತು. 1844ರಲ್ಲಿ ಅದನ್ನು ಒಂದು ದೀರ್ಘ ಪ್ರಬಂಧವಾಗಿ ಬರೆದು, ತಾನು ಸತ್ತರೆ ಪ್ರಕಟಿಸಬೇಕೆಂದು ಹೆಂಡತಿಗೊಂದು ಪತ್ರವನ್ನೂ ಬರೆದಿಟ್ಟನು. ಅದೇ ವರ್ಷ ಬೇರೊಬ್ಬ ಗ್ರಂಥಕರ್ತನು, ಸೃಷ್ಟಿಯ ವಿಕಾಸವನ್ನು ಕುರಿತು, ಹೆಸರು ಹಾಕದೆ ಒಂದು ಪುಸ್ತಕವನ್ನು ಹೊರತಂದನು. ಕೇಂಬ್ರಿಜ್ಜಿನ ಭೂವಿಜ್ಞಾನಿ ಆಡಂ ಸೆಡ್ಜ್‌ವಿಕ್ಕನು ಮರುವರ್ಷ ಅದರ ಮೇಲೆ ಬರೆದ ವಿಮರ್ಶೆಯು ಪ್ರಹಾರವೆಂದೇ ಹೇಳತಕ್ಕದ್ದು. ಆ ಸೆಡ್ಜ್‌ವಿಕ್ಕನು ಡಾರ್ವಿನ್ನನನ್ನು ವೇಲ್ಸಿನ ಬೆಟ್ಟಗಳಲ್ಲಿ ತಿರುಗಾಡಿಸಿ ಶಿಲಾಪರೀಕ್ಷೆಯನ್ನು ಕಲಿಸಿದ ಗುರುವೇ. ಪೆಟ್ಟು ಬಿದ್ದದ್ದು ಪರರ ಪುಸ್ತಕಕ್ಕೆ. ಆದರೂ ಡಾರ್ವಿನ್ನನು ಅದನ್ನು ತನಗೇ ಬಿದ್ದದ್ದೆಂದು ಭಾವಿಸಿ, ನಡುಗುತ್ತಲೇ ಆ ವಿಮರ್ಶೆಯನ್ನು ಓದಿ, ಅದರಲ್ಲಿನ ಯಾವ ವಾದವನ್ನೂ ತಾನು ಮರೆತಿಲ್ಲವೆಂದು ಕಂಡು ಸಮಾಧಾನಪಟ್ಟನು.

ಇದಕ್ಕಿಂತಲೂ ಸೋಜಿಗವಾದದ್ದು ಜೋಸೆಫ್ ಹೂಕರನ ಒಂದು ಮಾತಿನ ಪರಿಣಾಮ. ಸಸ್ಯವಿಜ್ಞಾನಿಯೂ ಡಾರ್ವಿನ್ನನ ಆಪ್ತಮಿತ್ರನೂ ಆಗಿದ್ದ ಹೂಕರನು 1845ರಲ್ಲಿ, ಫ್ರೆಂಚ್ ಲೇಖಕನೊಬ್ಬನನ್ನು ಆಕ್ಷೇಪಿಸುತ್ತ, ಅನೇಕ ಜಾತಿಗಳನ್ನು ಸ್ವತಃ ಸೂಕ್ಷ್ಮವಾಗಿ ವರ್ಣಿಸದವನಿಗೆ ಜಾತಿಗಳ ಸ್ವರೂಪವನ್ನು ಕುರಿತು ಮಾತಾಡುವ ಅಧಿಕಾರವಿಲ್ಲವೆಂಬ ಅರ್ಥದ ಮಾತನ್ನು ಪತ್ರವೊಂದರಲ್ಲಿ ಬರೆದನು. ಡಾರ್ವಿನ್ನನು ಇದನ್ನೂ ತನ್ನ ಮೇಲೆ ಹಾಕಿಕೊಂಡನು. ಕಡಲ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬಾಳುವ ಬಾರ್ನಕಲ್ ಎಂಬ ಪುಟ್ಟ ಚಿಪ್ಪುಜೀವಿಗಳನ್ನು 1846ರಲ್ಲಿ ಕೈಗೆತ್ತಿಕೊಂಡ ಆತನು, 1854ರವರೆಗೆ ಎಂಟು ವರ್ಷಕಾಲ ಅವುಗಳನ್ನು ಕೊಯ್ದು ನೋಡಿ, ವರ್ಣಿಸಿ, ನಾಲ್ಕು ಸಂಪುಟಗಳನ್ನು ಬರೆದನು. ನಡುವೆ 1853ರಲ್ಲಿ ರಾಯಲ್ ಸೊಸೈಟಿಯು ಆತನಿಗೆ ಪದಕವನ್ನಿತ್ತಿತು. ತಲೆಯಲ್ಲಿ ಅಂಥ ಮಹಾವಿಚಾರವನ್ನು ಹೊತ್ತವನು ಎಂಟು ವರ್ಷ ಚಿಪ್ಪುಗಳ ಮುಂದೆ ಕುಳಿತದ್ದು ವ್ಯರ್ಥವೆಂದು ಹೇಳುವವರು ಈಗಲೂ ಉಂಟು, ನಾನು ಒಪ್ಪಲಾರೆ. ಮುಂದೆ ಆತನನ್ನು ಬಯಲುಹರಟೆಯವನೆಂದು ಯಾರೂ ತಳ್ಳಿಹಾಕದಂತೆ ಆದದ್ದು ಆ ಚಿಪ್ಪುಗಳ ದೆಸೆಯಿಂದ.

ಹೂಕರನೊಡನೆ ನಡೆದ ಇನ್ನೊಂದು ವಿವಾದವಂತೂ ವಿನೋದಮಯವಾದದ್ದು. ಒಂದೇ ಜಾತಿಯ ಗಿಡ ಭೂಖಂಡದಲ್ಲಿಯೂ ದೂರದ ದ್ವೀಪದಲ್ಲಿಯೂ ಇರುವುದಾದರೆ ಅದು ಸಮುದ್ರವನ್ನು ದಾಟಿದ್ದು ಹೇಗೆ? ಬೀಜಗಳು ತೇಲಿಬಂದವೆಂದು ಡಾರ್ವಿನ್ನನ ಊಹೆ. ಉಪ್ಪುನೀರಿನಲ್ಲಿ ಬೀಜ ಬದುಕುವುದೆಂಬುದನ್ನು ಹೂಕರನು ನಂಬಲಿಲ್ಲ. 1855ರಲ್ಲಿ ಡಾರ್ವಿನ್ನನು ಮನೆಯಲ್ಲಿಯೇ ಉಪ್ಪುನೀರನ್ನು ಮಾಡಿ ಸೀಸೆಗಳಲ್ಲಿ ತುಂಬಿ ಬೀಜಗಳನ್ನು ನೆನೆಹಾಕಿದನು. ಅಪ್ಪ ಡಾಕ್ಟರ್ ಹೂಕರನನ್ನು ಸೋಲಿಸುವನೇ ಎಂದು ಮಕ್ಕಳು ಆಗಾಗ ಕಾತರದಿಂದ ವಿಚಾರಿಸುತ್ತಿದ್ದರಂತೆ. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ನೆಂದ ಮೇಲೆಯೂ ಮೊಳೆತವು. ಗೆಲುವಿನ ಸಂಭ್ರಮ ಇನ್ನೂ ಆರುವ ಮೊದಲೇ ಮತ್ತೊಂದು ತೊಡಕು ತಲೆದೋರಿತು: ಬೀಜಗಳು ಬದುಕುವುದೇನೋ ನಿಜ, ಆದರೆ ಬಹಳಷ್ಟು ಬೀಜಗಳು ತೇಲುವುದೇ ಇಲ್ಲ, ಮುಳುಗುತ್ತವೆ! ಉಪ್ಪು ಹಾಕಿದ್ದೆಲ್ಲ ದಂಡವಾಯಿತೆಂದು ಮಿತ್ರನಿಗೆ ಬರೆದುಕೊಂಡ ಆತನು, ಆ ತೊಡಕನ್ನು ಬಚ್ಚಿಡದೆ, ಹಣ್ಣು ಕಾಯಿಗಳಿರುವ ಕೊಂಬೆಗಳನ್ನು ಒಣಗಿಸಿ ನೀರಿಗೆ ಬಿಟ್ಟು ನೋಡಿದನು. ಹಸಿಯಾಗಿದ್ದಾಗ ಕೂಡಲೇ ಮುಳುಗುತ್ತಿದ್ದ ಹೇಜಲ್ ಕಾಯಿಗಳು ಒಣಗಿದ ಮೇಲೆ 90 ದಿನ ತೇಲಿ, ಅನಂತರ ನೆಟ್ಟಾಗ ಮೊಳೆತವು. ಅಪನಂಬಿಕೆಯನ್ನು ಪ್ರಯೋಗವನ್ನಾಗಿ ಮಾರ್ಪಡಿಸುವುದೆಂದರೆ ಇದು. ಹೂಕರನು ಎಲ್ಲಕ್ಕೂ ತಲೆದೂಗುವ ಮಿತ್ರನಾಗಿದ್ದಿದ್ದರೆ ಆ ಸೀಸೆಗಳು ಖಾಲಿಯಾಗಿಯೇ ಉಳಿಯುತ್ತಿದ್ದವು.

ತನ್ನ ಅಭಿಪ್ರಾಯಕ್ಕೆ ಪ್ರತಿಕೂಲವಾದ ಸಂಗತಿ ಕಣ್ಣಿಗೆ ಬಿದ್ದೊಡನೆ ಅದನ್ನು ಬರೆದಿಟ್ಟುಕೊಳ್ಳಬೇಕೆಂದು ಆತನು ನಿಯಮ ಮಾಡಿಕೊಂಡಿದ್ದನು. ಅನುಕೂಲವಾದವುಗಳಿಗಿಂತ ಪ್ರತಿಕೂಲವಾದವು ಬೇಗನೆ ಮರೆತುಹೋಗುತ್ತವೆಂಬುದು ಆತನ ಅನುಭವ. 1859ರಲ್ಲಿ ‘ಜಾತಿಗಳ ಉಗಮ’ ಹೊರಬಿದ್ದಾಗ ಸಿದ್ಧಾಂತದ ತೊಡಕುಗಳಿಗಾಗಿಯೇ ಒಂದು ಅಧ್ಯಾಯವಿದ್ದುದು ಆ ಅಭ್ಯಾಸದ ಫಲ. ಹಾಗೆಂದು ಆತನನ್ನು ಸ್ಥಿತಪ್ರಜ್ಞನೆಂದು ಭಾವಿಸಬೇಕಾಗಿಲ್ಲ. ಸೇಂಟ್ ಜಾರ್ಜ್ ಮಿವಾರ್ಟನು 1871ರಲ್ಲಿ ಮಾಡಿದ ಖಂಡನೆಯಿಂದ ಆತನು ಬಹಳ ನೊಂದನು, ಕೊನೆಗೆ ಆ ಮನುಷ್ಯನೊಡನೆ ವ್ಯವಹಾರವನ್ನೇ ಕಡಿದುಕೊಂಡನು. ನೊಂದರೂ, 1872ರ ಆರನೆಯ ಆವೃತ್ತಿಯಲ್ಲಿ ಆ ಆಕ್ಷೇಪಣೆಗಳಿಗೆ ಉತ್ತರವಾಗಿ ಹೊಸ ಅಧ್ಯಾಯವೊಂದನ್ನು ಸೇರಿಸಿದನು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಬಾಯಿಗಳಿಗೂ ಉತ್ತರ ಕೊಡಲು ಹೋಗಿ ಆ ಆರನೆಯ ಆವೃತ್ತಿ ಭಾರವಾಯಿತು. ವಾದದ ಓಟ ಮೊದಲನೆಯ ಆವೃತ್ತಿಯಲ್ಲಿಯೇ ನಿರ್ಮಲವಾಗಿದೆಯೆಂದು ಅದನ್ನೇ ಓದಲು ಹೇಳುವ ವಿದ್ವಾಂಸರು ಈಗ ಅನೇಕರಿದ್ದಾರೆ. ತಂದೆತಾಯಿಗಳ ಗುಣಗಳು ಬೆರೆತುಹೋಗುವುದಾದರೆ ಹೊಸ ಗುಣ ಉಳಿಯುವುದೆಂತು ಎಂದು ಫ್ಲೀಮಿಂಗ್ ಜೆಂಕಿನ್ನನು 1867ರಲ್ಲಿ ಎತ್ತಿದ ಆಕ್ಷೇಪಕ್ಕಾದರೋ ಆತನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಉತ್ತರದ ಬೀಜವು ಆನುವಂಶಿಕತೆಯನ್ನು ಕುರಿತ ಮೆಂಡಲನ 1866ರ ಲೇಖನದಲ್ಲಿತ್ತು. ಲೋಕವು ಅದನ್ನು ಗುರುತಿಸಿದ್ದು 1900ರಲ್ಲಿ, ಡಾರ್ವಿನ್ನನು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ.

ಲೋಕದ ಬಾಯಿಯನ್ನು ಮುಚ್ಚಿಸಲು ಹೊರಟವನ ಕಥೆಯನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಸತ್ಯವು ಅವನ ಕಡೆಗೇ ಇತ್ತು. ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸನು 1847ರ ಮೇ ತಿಂಗಳಲ್ಲಿ, ವೈದ್ಯರು ಕ್ಲೋರಿನ್ ಬೆರೆತ ನೀರಿನಲ್ಲಿ ಕೈತೊಳೆಯಬೇಕೆಂದು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ನ್ನು ಮೀರಿದ್ದ ಬಾಣಂತಿಯರ ಸಾವು ಜೂನಿನಲ್ಲಿ 3ಕ್ಕಿಂತ ಕೆಳಗಿಳಿಯಿತು. ಇಷ್ಟಾದರೂ ಹಿರಿಯ ವೈದ್ಯರು ಒಪ್ಪಲಿಲ್ಲ. ಅವರ ಅಹಂಕಾರಕ್ಕೆ ಕ್ಷಮೆಯಿಲ್ಲ. ಆದರೆ ಅವರ ಪ್ರಶ್ನೆಗಳಿಗೆ ವಿಸ್ತಾರವಾದ ಗ್ರಂಥರೂಪದ ಉತ್ತರ ಆತನಿಂದ ಬಂದದ್ದು 1861ರ ಹೊತ್ತಿಗೆ. ಅನಂತರ ಬಂದವು ಬಹಿರಂಗ ಪತ್ರಗಳು, ಅವುಗಳಲ್ಲಿ ವಿರೋಧಿಗಳನ್ನು ಕೊಲೆಗಾರರೆಂದೇ ಕರೆದನು. ಮಾತು ಸುಳ್ಳಲ್ಲ, ಆದರೆ ಅದರಿಂದ ಒಬ್ಬ ವೈದ್ಯನಾದರೂ ಕೈತೊಳೆದನೇ ಎಂಬುದು ನನಗೆ ಸಂಶಯ. 1865ರಲ್ಲಿ ಆತನು ಹುಚ್ಚಾಸ್ಪತ್ರೆಯಲ್ಲಿ ಸತ್ತನು.

ವಿರೋಧವೇ ಯೋಗ್ಯತೆಗೆ ಸಾಕ್ಷಿಯೆಂದು ತಿಳಿಯುವ ಮೌಢ್ಯವೂ ಒಂದುಂಟು. ನಗೆಗೀಡಾದವರಲ್ಲಿ ಮಹಾಪುರುಷರಿದ್ದರು, ದಿಟ. ಆದರೆ ಸೀಸವನ್ನು ಚಿನ್ನ ಮಾಡುತ್ತೇನೆಂದವರೂ, ನಿಲ್ಲದೆ ತಿರುಗುವ ಯಂತ್ರವನ್ನು ಕಂಡುಹಿಡಿದೆನೆಂದವರೂ ಅದೇ ನಗೆಯನ್ನೇ ಅನುಭವಿಸಿದರು. ನಿಂದೆಯು ನಿಜವನ್ನೂ ಸುಳ್ಳನ್ನೂ ಸಮನಾಗಿಯೇ ಮುಟ್ಟುತ್ತದೆ. ಅದರಲ್ಲಿ ಉತ್ತರಿಸಬಲ್ಲ ಪ್ರಶ್ನೆ ಇದೆಯೇ, ಅಥವಾ ಬರಿಯ ಬೈಗುಳವೇ ಎಂಬುದನ್ನು ಸೋಸಿ ನೋಡಬೇಕಾದ ಭಾರ ಕೇಳುವವನದು.

ನಮ್ಮ ನಾಡಿಗೇ ಬರುವುದಾದರೆ, ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಬೇಕೆಂದು ವಿಶ್ವೇಶ್ವರಯ್ಯನವರು ಸೂಚಿಸಿದಾಗ, ಇಷ್ಟು ಹಣವೇಕೆ, ಇಷ್ಟು ವಿದ್ಯುಚ್ಛಕ್ತಿಯನ್ನು ಕೊಳ್ಳುವವರು ಯಾರು ಎಂದು ಮೊದಲು ಕೇಳಿದವರು ಮೈಸೂರಿನ ಅರ್ಥಶಾಖೆಯವರೇ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಅನುಮತಿ ದೊರೆತು 1911ರಲ್ಲಿ ಕೆಲಸ ಆರಂಭವಾಗುವ ವೇಳೆಗೆ ಮದರಾಸು ಸರ್ಕಾರದ ಆಕ್ಷೇಪ ಎದ್ದಿತು. ಮೈಸೂರು ಕೇಳಿದ್ದು 41.5 ಟಿಎಂಸಿ ನೀರು ನಿಲ್ಲುವ ಕಟ್ಟೆ. ದೊರೆತದ್ದು 11 ಟಿಎಂಸಿಗೆ ಮಾತ್ರ ಒಪ್ಪಿಗೆ. ವಿಶ್ವೇಶ್ವರಯ್ಯನವರು ಕೆಲಸವನ್ನು ನಿಲ್ಲಿಸಲಿಲ್ಲ, ಕಟ್ಟೆಯನ್ನು ಕಿರಿದಾಗಿಸಿ ತೃಪ್ತರಾಗಲೂ ಇಲ್ಲ; ಮೊದಲ ಘಟ್ಟದಲ್ಲಿಯೇ ಪೂರ್ಣಪ್ರಮಾಣದ ಕಟ್ಟೆಗೆ ಒಪ್ಪುವ ಅಸ್ತಿಭಾರವನ್ನು ಹಾಕಿಸಿ, ಒಪ್ಪಿಗೆಯಾದಷ್ಟನ್ನು ಮೇಲೆ ಕಟ್ಟತೊಡಗಿದರು. ಇದನ್ನು ದೂರದೃಷ್ಟಿಯೆಂದು ನಾವು ಹೊಗಳುತ್ತೇವೆ. ಮದರಾಸಿನವರು ಬೇರೆ ಹೆಸರಿನಿಂದ ಕರೆದರೆ ಅವರನ್ನು ದೂರಲಾಗದು. ನೀರಿನಲ್ಲಿ ಮುಳುಗಿದ ಊರುಗಳವರ ಅಳಲಂತೂ ಯಾವ ಅಸ್ತಿಭಾರದಿಂದಲೂ ಉತ್ತರಿಸತಕ್ಕದ್ದಲ್ಲ. ವಿವಾದವು ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ತೀರ್ಪು ಬಂದರೂ ಮುಗಿಯದೆ, 1924ರ ಫೆಬ್ರುವರಿ 18ರಂದು ಎರಡು ಸರ್ಕಾರಗಳ ಒಪ್ಪಂದದಲ್ಲಿ ಕೊನೆಗೊಂಡಿತು. ಆಗ ಮೇಲಿನ ಕಟ್ಟಡವನ್ನು ಎತ್ತರಿಸಿದರೆ ಸಾಕಾಯಿತು; ಮುಂಗಾರಿನಲ್ಲಿ ಮಂಡ್ಯದ ರೈತರು ಪತ್ರಿಕೆಯಲ್ಲಿ ಹುಡುಕಿ ಓದುವ ಆ 124 ಅಡಿಯ ಮಟ್ಟವು, ಸಣ್ಣ ಕಟ್ಟೆಗಷ್ಟೇ ಒಪ್ಪಿಗೆಯಿದ್ದ ಕಾಲದಲ್ಲಿ ಹಾಕಿದ ತಳಹದಿಯ ಮೇಲೆಯೇ ಇಂದಿಗೂ ನಿಂತಿದೆ.