ಲಾಡಖಾನನ ಗುಡಿ

ನಮ್ಮ ತುಬಚಿಯಂತೆ ಐಹೊಳೆಯೂ ಬಾಗಲಕೋಟೆ ಜಿಲ್ಲೆಯದೇ ಊರು. ಅಲ್ಲಿನ ನೂರಕ್ಕೂ ಮಿಕ್ಕ ಗುಡಿಗಳನ್ನು ನಡೆದೇ ನೋಡಬೇಕು. ಗುಡಿಗೂ ಮನೆಗೂ ನಡುವಿನ ಸಂದಿ ಆಗಲೇ ಕಾಣುವುದು.

ಮೇಗುತಿ ಗುಡ್ಡದ ಮೇಲೆ, 634ರ ಶಾಸನದಲ್ಲಿ, ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಕೆಳಗೆ, ಊರಿನ ಗುಡಿಯೊಂದರಲ್ಲಿ ಲಾಡಖಾನ ಎಂಬವನು ವಾಸವಿದ್ದ, ಅಷ್ಟೇ. ಆ ಗುಡಿಗೆ ಇಂದಿಗೂ ಅವನದೇ ಹೆಸರು. ಕಟ್ಟಿಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಪೂಜೆ ನಿಂತ ಗುಡಿಯಲ್ಲಿ ಸಂಸಾರ ಹೂಡಿದರೆ ಅಪಚಾರವೇ? ನನಗೆ ಹಾಗನಿಸುವುದಿಲ್ಲ.

ಗುಡಿಗಳಿಗಾಗಿ ಊರನ್ನೇ ಎಬ್ಬಿಸುವ ಮಾತು ದಶಕಗಳಿಂದ ನಡೆದಿದೆ. ಒಲೆಯ ಹೊಗೆ ಕಲ್ಲಿಗೆ ಹಿಡಿಯುತ್ತದೆ, ನಿಜ. ಗೋಡೆಗೆ ಆತು ಕಟ್ಟಿದ ಮನೆ ಶಿಲ್ಪವನ್ನು ಮುಚ್ಚುತ್ತದೆ, ಅದೂ ನಿಜ. ಆದರೂ ಎಬ್ಬಿಸುವ ಮೊದಲು ಆ ಮನೆಯವರನ್ನು ಕೇಳಬೇಕು. ಗೌಡರ ಗುಡಿ, ಹುಚ್ಚಿಮಲ್ಲಿ ಗುಡಿ ಎಂಬ ಹೆಸರುಗಳು ಇಷ್ಟು ಕಾಲ ಬಾಳಿದ್ದು ಅವರ ಬಾಯಲ್ಲೇ.