ಚಿಕ್ಕ ರಾಷ್ಟ್ರವೂ ದೊಡ್ಡ ವಿಮಾನವೂ

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಹಳೆಯ ಯುದ್ಧವಿಮಾನಗಳನ್ನು ನಿಲ್ಲಿಸಿಡುವ ವಿಶಾಲವಾದ ಬಯಲೊಂದಿದೆ. ಅಲ್ಲಿ ಮಳೆ ವಿರಳ, ಗಾಳಿ ಒಣ. ಲೋಹ ಬೇಗ ಕೆಡುವುದಿಲ್ಲ. 1990ರ ದಶಕದಲ್ಲಿ ಆ ಬಯಲಿನಲ್ಲಿ ಒಂದು ಯುದ್ಧವನ್ನೂ ಕಾಣದ, ಹೊಚ್ಚ ಹೊಸದಾದ 28 ಎಫ್-16 ವಿಮಾನಗಳು ವರ್ಷಗಟ್ಟಲೆ ನಿಂತಿದ್ದವು. ಅವು ಪಾಕಿಸ್ತಾನಕ್ಕಾಗಿ ತಯಾರಾದವು. ಪಾಕಿಸ್ತಾನವು ಅವುಗಳಿಗಾಗಿ ಹಣ ಕಟ್ಟುತ್ತಲೂ ಬಂದಿತ್ತು. ಆದರೆ ಆ ದೇಶದ ಬಳಿ ಅಣ್ವಸ್ತ್ರವಿಲ್ಲವೆಂದು ಅಮೆರಿಕದ ಅಧ್ಯಕ್ಷರು ಪ್ರತಿವರ್ಷ ಪ್ರಮಾಣೀಕರಿಸಿದರೆ ಮಾತ್ರ ನೆರವು ಮತ್ತು ಆಯುಧ ಕೊಡತಕ್ಕದ್ದೆಂದು ಪ್ರೆಸ್ಲರ್ ತಿದ್ದುಪಡಿ ವಿಧಿಸಿತ್ತು; 1990ರಲ್ಲಿ ಅಧ್ಯಕ್ಷ ಬುಷ್ ಅವರು ಆ ಪ್ರಮಾಣಪತ್ರವನ್ನು ನೀಡಲಿಲ್ಲ. ವಿಮಾನವೂ ಬರಲಿಲ್ಲ, ಹಣವೂ ಬೇಗ ಮರಳಲಿಲ್ಲ. 1998ರ ಕೊನೆಯಲ್ಲಿ ಆದ ಒಪ್ಪಂದದಂತೆ ಬಾಕಿಯ ಒಂದು ಭಾಗ ನಗದಾಗಿಯೂ ಇನ್ನೊಂದು ಭಾಗ ಗೋಧಿಯೇ ಮೊದಲಾದ ಸರಕಾಗಿಯೂ ತೀರಿತು. ಯುದ್ಧವಿಮಾನಕ್ಕೆ ಹಣ ತೆತ್ತು ಗೋಧಿ ಪಡೆದ ಈ ವ್ಯವಹಾರವನ್ನು ಕಂಡು ನಮ್ಮಲ್ಲಿ ಕೆಲವರು ನಕ್ಕದ್ದುಂಟು. ಆದರೆ ತಾನು ತಯಾರಿಸಲಾರದ ಆಯುಧವನ್ನು ಕೊಳ್ಳುವ ಯಾವ ದೇಶಕ್ಕೂ ಆ ಗತಿ ಬರಬಹುದಾದ್ದರಿಂದ ಆ ನಗೆಯಲ್ಲಿ ಹುರುಳಿಲ್ಲ.

ಕಳೆದ ವರ್ಷ ನಮ್ಮ ಸಂಘದ ಮಾಸಿಕ ಕೂಟದಲ್ಲಿ ತರುಣ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು: ಚಿಕ್ಕ ರಾಷ್ಟ್ರಗಳು ಇಷ್ಟು ದುಬಾರಿಯ ಯುದ್ಧವಿಮಾನಗಳನ್ನು ಕೊಳ್ಳುವುದು ನ್ಯಾಯವೇ? ಕೂಟದಲ್ಲಿ ಕೂಡಲೇ ಎರಡು ಪಕ್ಷಗಳಾದವು. ಶಾಲೆ ಕಟ್ಟುವ ಹಣವನ್ನು ಆಕಾಶಕ್ಕೆ ಸುರಿಯುವುದೇ ಎಂದು ಒಬ್ಬರು. ಮನೆ ಚಿಕ್ಕದಾದರೆ ಬಾಗಿಲಿಗೆ ಅಗಳಿ ಬೇಡವೇ ಎಂದು ಇನ್ನೊಬ್ಬರು. ಎರಡೂ ಮಾತು ನಿಜವಾದ್ದರಿಂದ ಚರ್ಚೆ ಅಲ್ಲಿಯೇ ನಿಂತಿತು. ಸ್ಮರಣ ಸಂಚಿಕೆಯ ಸಂಪಾದಕರು ನಮ್ಮಿಂದ ಲೇಖನ ಬಯಸಿದಾಗ ಆ ಚರ್ಚೆಯನ್ನೇ ಮುಂದುವರಿಸೋಣವೆನಿಸಿತು. ಭಾರತವು ಚಿಕ್ಕ ರಾಷ್ಟ್ರವಲ್ಲವಾದ್ದರಿಂದ ನಮ್ಮ ದೇಶದ ಖರೀದಿಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಬೊಕ್ಕಸ ಸೀಮಿತವಾಗಿದ್ದು, ಯುದ್ಧವಿಮಾನವನ್ನು ಪರರಿಂದಲೇ ಕೊಳ್ಳಬೇಕಾದ ದೇಶವನ್ನು ಇಲ್ಲಿ ಚಿಕ್ಕ ರಾಷ್ಟ್ರವೆಂದು ಕರೆದಿದ್ದೇವೆ.

ಅರಿಜೋನಾದ ಆ 28 ವಿಮಾನಗಳಿಗೆ ಮುಂದೆ ಇನ್ನೊಬ್ಬ ಗಿರಾಕಿ ದೊರೆತ. ಅದು ನ್ಯೂಜಿಲೆಂಡ್. ಅಲ್ಲಿಯ ಸರಕಾರವು ತನ್ನ ಹಳೆಯ ಸ್ಕೈಹಾಕ್ ವಿಮಾನಗಳ ಬದಲಿಗೆ ಇವುಗಳನ್ನು ಬಾಡಿಗೆಯ ಮೇಲೆ ಪಡೆಯಲು ಒಪ್ಪಿಕೊಂಡಿತ್ತು, ಬೆಲೆಯೂ ಸೋವಿಯಾಗಿತ್ತು. 1999ರ ಚುನಾವಣೆಯಲ್ಲಿ ಗೆದ್ದು ಬಂದ ಹೆಲೆನ್ ಕ್ಲಾರ್ಕ್ ಅವರ ಸರಕಾರ 2000ದಲ್ಲಿ ಆ ಒಪ್ಪಂದವನ್ನು ರದ್ದುಪಡಿಸಿತು. ಅಷ್ಟಕ್ಕೇ ನಿಲ್ಲದೆ, 2001ರಲ್ಲಿ ತನ್ನ ಯುದ್ಧವಿಮಾನ ದಳವನ್ನೇ ವಿಸರ್ಜಿಸಿತು. ನಮ್ಮ ಮೇಲೆ ಆಕಾಶಮಾರ್ಗವಾಗಿ ದಾಳಿ ಮಾಡುವವರು ಸಮೀಪದಲ್ಲಿ ಯಾರೂ ಇಲ್ಲ, ಇರುವ ಹಣವನ್ನು ಭೂಸೇನೆಗೂ ಶಾಂತಿಪಾಲನೆಗೂ ಬಳಸುತ್ತೇವೆ ಎಂಬುದು ಅವರ ನಿಲುವು.

ಈ ನಿರ್ಧಾರವನ್ನು ಕೆಲವರು ಧೈರ್ಯವೆಂದರು, ಕೆಲವರು ಪರಾವಲಂಬನೆಯೆಂದರು. ನಮಗನ್ನಿಸುವಂತೆ ಅದರಲ್ಲಿ ಪ್ರಾಮಾಣಿಕತೆಯಿದೆ. ಏಕೆಂದರೆ ಅವರು ಭೂಪಟವನ್ನು ನೋಡಿ ನಿರ್ಧರಿಸಿದರು. ಸುತ್ತ ಸಾಗರ, ಅದರಾಚೆ ಮಿತ್ರರಾಷ್ಟ್ರ ಆಸ್ಟ್ರೇಲಿಯ. ಆದರೆ ಅದಕ್ಕೂ ಒಂದು ಬೆಲೆ ತೆರಬೇಕಾಯಿತು. ದಳ ಮುಚ್ಚಿದ ಮೇಲೆ ಅಲ್ಲಿಯ ಪೈಲಟ್‌ಗಳಲ್ಲಿ ಹಲವರು ಆಸ್ಟ್ರೇಲಿಯ, ಬ್ರಿಟನ್ನುಗಳ ವಾಯುಪಡೆಗಳನ್ನು ಸೇರಿದರು. ವಿಮಾನವನ್ನು ಹಣ ಕೂಡಿದಾಗ ಮತ್ತೆ ಕೊಳ್ಳಬಹುದು. ಹಿರಿಯ ಪೈಲಟ್ ಕಿರಿಯನಿಗೆ ಕಲಿಸುತ್ತ ಬಂದ ವಿದ್ಯೆಯ ಎಳೆ ಒಮ್ಮೆ ಕಡಿದರೆ ಜೋಡಿಸಲು ಒಂದು ತಲೆಮಾರು ಬೇಕು. ಶಾಲೆ ನಡೆಸಿದ ನಮಗೆ ಈ ನಷ್ಟದ ತೂಕ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ.

ಇನ್ನು ಸ್ವಿಟ್ಜರ್ಲೆಂಡ್. ಈ ಪ್ರಶ್ನೆಯನ್ನು ಮಂತ್ರಿಗಳ ಕೋಣೆಯಿಂದ ಹೊರತಂದು ಮತದಾರರ ಮುಂದಿಟ್ಟ ದೇಶವಾದ್ದರಿಂದ ಅದರ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. 2014ರ ಫೆಬ್ರುವರಿ 17ರ ಬೆಳಗಿನ ಜಾವ ಅಡಿಸ್ ಅಬಾಬಾದಿಂದ ರೋಮ್ ನಗರಕ್ಕೆ ಹೊರಟಿದ್ದ ಇಥಿಯೋಪಿಯದ ಪ್ರಯಾಣಿಕ ವಿಮಾನವನ್ನು ಅದರ ಸಹಚಾಲಕನೇ ಅಪಹರಿಸಿ ಜಿನೀವಾಕ್ಕೆ ತಂದಿಳಿಸಿದ. ಅದರ ಬೆನ್ನಿಗೆ ಕಾವಲಾಗಿ ಹಾರಿದ್ದು ಇಟಲಿಯ ಮತ್ತು ಫ್ರಾನ್ಸಿನ ಯುದ್ಧವಿಮಾನಗಳು. ಸ್ವಿಸ್ ವಿಮಾನಗಳೆಲ್ಲಿ? ಸಮಯ ಬೆಳಗಿನ ಆರು ಗಂಟೆ. ಸ್ವಿಸ್ ವಾಯುಪಡೆಯ ಕಾವಲು ಆಗ ಕಚೇರಿಯ ವೇಳೆಯಲ್ಲಿ ಮಾತ್ರ, ಅದೂ ಮಧ್ಯಾಹ್ನದ ಊಟದ ಬಿಡುವನ್ನು ಬಿಟ್ಟು, ನಡೆಯುತ್ತಿತ್ತು! ವಿಮಾನಗಳಿದ್ದವು; ದಿನವಿಡೀ ಅವುಗಳನ್ನು ಸಜ್ಜಾಗಿಡಲು ಬೇಕಾದ ಹಣವನ್ನೂ ಜನರನ್ನೂ ಒದಗಿಸಿರಲಿಲ್ಲ. ಜಗತ್ತು ನಕ್ಕಿತು. ಆದರೂ ಮೂರೇ ತಿಂಗಳ ನಂತರ, ಅದೇ ಮೇ 18ರಂದು, ಸ್ವೀಡನ್ನಿನ 22 ಗ್ರಿಪೆನ್ ವಿಮಾನಗಳನ್ನು ಕೊಳ್ಳುವ ಪ್ರಸ್ತಾಪವನ್ನು ಸ್ವಿಸ್ ಜನರು ಶೇಕಡಾ 53ಕ್ಕಿಂತ ಹೆಚ್ಚು ಮತಗಳಿಂದ ತಿರಸ್ಕರಿಸಿದರು. ನಗೆಪಾಟಲಾದ ಸಿಟ್ಟಿನಲ್ಲಿ ಕೊಳ್ಳುವ ಜನ ಅವರಲ್ಲವೆಂದಾಯಿತು.

ಆರು ವರ್ಷಗಳ ಬಳಿಕ, 2020ರ ಸೆಪ್ಟೆಂಬರಿನಲ್ಲಿ, ಪ್ರಶ್ನೆ ಮತ್ತೆ ಬಂತು. ಈ ಬಾರಿ ಯಾವ ವಿಮಾನವೆಂದು ಹೇಳದೆ 600 ಕೋಟಿ ಫ್ರಾಂಕುಗಳ ವೆಚ್ಚಕ್ಕೆ ಮಾತ್ರ ಒಪ್ಪಿಗೆ ಕೇಳಲಾಯಿತು. ಸುಮಾರು 32 ಲಕ್ಷ ಮತಗಳಲ್ಲಿ ಒಂಬತ್ತು ಸಾವಿರಕ್ಕಿಂತ ಕಡಿಮೆ ಅಂತರದಿಂದ ಪ್ರಸ್ತಾಪ ಗೆದ್ದಿತು. ಮರುವರ್ಷ ಸರಕಾರವು ಅಮೆರಿಕದ ಎಫ್-35 ವಿಮಾನವನ್ನು ಆರಿಸಿ, 36 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಇದನ್ನು ವಿರೋಧಿಸಿದವರು ಇನ್ನೊಂದು ಮತದಾನಕ್ಕಾಗಿ ಸಾಕಷ್ಟು ಸಹಿಗಳನ್ನು ಕೂಡಿಸಿ ಕೊಟ್ಟರು. ಸರಕಾರ ಮಾತ್ರ ಆ ಮತದಾನಕ್ಕೆ ಕಾಯದೆ 2022ರಲ್ಲಿ ಕರಾರಿಗೆ ಸಹಿ ಹಾಕಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದ್ದಿರಬಹುದು. ಒಂದು ಕೂದಲೆಳೆಯ ಬಹುಮತವನ್ನು ಇಷ್ಟು ದೂರ ಎಳೆಯಬಹುದೇ ಎಂಬುದು ಕಾನೂನಿನ ಪ್ರಶ್ನೆಯಲ್ಲ.

ಬಳಿಕ 2025ರಲ್ಲಿ ಬೆಲೆಯ ತಗಾದೆ ಹುಟ್ಟಿತು. ನಿಗದಿತ ಬೆಲೆಗೆ ಕೊಂಡಿದ್ದೇವೆಂದು ಸ್ವಿಸ್ ಸರಕಾರ ತನ್ನ ಜನರಿಗೆ ಹೇಳುತ್ತ ಬಂದಿತ್ತು. ಬೆಲೆ ನಿಗದಿಯಾಗಿರಲಿಲ್ಲ, ಅದು ನಿಮ್ಮ ತಪ್ಪು ತಿಳುವಳಿಕೆ ಎಂದಿತು ಅಮೆರಿಕ. ಹೆಚ್ಚುವರಿ ಹೊರೆ 65 ಕೋಟಿಯಿಂದ 130 ಕೋಟಿ ಡಾಲರುಗಳವರೆಗೆ ಆಗಬಹುದೆಂಬ ಅಂದಾಜು ಹೊರಬಿತ್ತು. ಜಗತ್ತಿನ ಹಣವನ್ನೆಲ್ಲ ಎಣಿಸಿ ಕಾಪಾಡುವ ದೇಶಕ್ಕೇ ಕರಾರಿನ ಅರ್ಥ ತಿಳಿಯದೆ ಹೋದರೆ ಉಳಿದವರ ಪಾಡೇನು!

ಇಲ್ಲಿ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಖರೀದಿಯ ಜೊತೆಗೆ ಮೂವತ್ತು ವರ್ಷಗಳ ನಿರ್ವಹಣೆಯೂ ಸೇರಿ ಸುಮಾರು 1,550 ಕೋಟಿ ಫ್ರಾಂಕುಗಳಾಗುವುದೆಂದು ಸ್ವಿಸ್ ಸರಕಾರವೇ ಅಂದಾಜಿಸಿತ್ತು. ಅಂದರೆ ಮತಪತ್ರದಲ್ಲಿದ್ದ ಅಂಕಿಯ ಎರಡೂವರೆ ಪಟ್ಟು. ಎತ್ತು ಕೊಳ್ಳುವ ರೈತ ಸಂತೆಯಲ್ಲಿ ಎತ್ತಿನ ಬೆಲೆಯನ್ನಷ್ಟೇ ಕೇಳುವುದಿಲ್ಲ; ಮನೆಯ ಮೇವಿನ ಬಣವೆಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾನೆ. ಯುದ್ಧವಿಮಾನವು ಕೊಂಡ ದಿನದಿಂದ ಮೇಯತೊಡಗುವ ಪ್ರಾಣಿ. ಬಿಡಿಭಾಗ, ಗಣಕದ ತಂತ್ರಾಂಶ, ತರಬೇತಿ, ಇಂಧನ ಇವೆಲ್ಲವೂ ಅದಕ್ಕೆ ಬೇಕು. ಇವುಗಳಲ್ಲಿ ಹಲವನ್ನು ಮಾರಿದವನ ಅಂಗಡಿಯಿಂದಲೇ ತರಬೇಕು. ಅವನು ಮುನಿದರೆ ವಿಮಾನ ನೆಲ ಬಿಡದು.

ಮೇವಿಲ್ಲದೆ ಎತ್ತು ಕಟ್ಟಿದವರ ಕಥೆ ದಕ್ಷಿಣ ಆಫ್ರಿಕದ್ದು. ವಿಸ್ತಾರದಲ್ಲಿಯೂ ಜನಸಂಖ್ಯೆಯಲ್ಲಿಯೂ ಅದು ಚಿಕ್ಕದಲ್ಲವಾದರೂ ಬೊಕ್ಕಸದ ಮಟ್ಟಿಗೆ ನಮ್ಮ ಪ್ರಶ್ನೆಯೊಳಗೆ ಬರುತ್ತದೆ. ವರ್ಣಭೇದ ನೀತಿ ಅಳಿದು ಐದೇ ವರ್ಷಗಳಲ್ಲಿ, 1999ರಲ್ಲಿ, ಆ ದೇಶವು ದೊಡ್ಡದೊಂದು ಆಯುಧ ಖರೀದಿಗೆ ಸಹಿ ಹಾಕಿತು. ಗ್ರಿಪೆನ್ ಯುದ್ಧವಿಮಾನಗಳು ಅದರ ಭಾಗ. ಕೊನೆಗೆ ಬಂದವು 26. ಅವೇ ವರ್ಷಗಳಲ್ಲಿ ಆ ನಾಡಿನಲ್ಲಿ ಏಡ್ಸ್ ರೋಗ ಮನೆಮನೆಯನ್ನು ಬರಿದುಮಾಡುತ್ತಿತ್ತು. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ನೆವಿರಾಪಿನ್ ಔಷಧವನ್ನು ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಕೊಡಲು ಸರಕಾರ ಹಿಂದೇಟು ಹಾಕಿ, 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. ಔಷಧ ಕೊಡದಿದ್ದುದಕ್ಕೆ ಹಣವೊಂದೇ ಕಾರಣವಲ್ಲ, ಆಳುವವರ ಹಠವೂ ಇತ್ತು; ವಿಮಾನದ ಹಣ ನೇರವಾಗಿ ಔಷಧದ ಹಣವೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಆದರೆ ಒಂದು ಸರಕಾರ ಯಾವುದಕ್ಕೆ ತ್ವರೆ ಮಾಡುತ್ತದೆ, ಯಾವುದಕ್ಕೆ ಕೋರ್ಟಿನ ಆಜ್ಞೆಗಾಗಿ ಕಾಯುತ್ತದೆ ಎಂಬುದನ್ನು ಪ್ರಜೆಗಳು ನೋಡುತ್ತಿರುತ್ತಾರೆ. ವಿಮಾನಗಳ ಗತಿಯೇನಾಯಿತು? 2013ರ ವೇಳೆಗೆ ಹಾರಿಸಲು ಹಣವಿಲ್ಲದೆ 12 ಗ್ರಿಪೆನ್‌ಗಳನ್ನು ದೀರ್ಘಕಾಲದ ದಾಸ್ತಾನಿಗೆ ಹಾಕಿದ್ದರು. ಮುಂದೆ ನಿರ್ವಹಣೆಯ ಕರಾರು ಮುಗಿದು, 2021ರಿಂದ ಕೆಲವು ಕಾಲ ಒಂದೂ ಹಾರದಂತಾಯಿತು.

ಹಾಗಾದರೆ ಕೊಳ್ಳಲೇಬಾರದೆ? ಇಲ್ಲಿ ಹಿರಿಯನೊಬ್ಬನ ಮಾತನ್ನು ಕೇಳಬೇಕು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲು ಅಚ್ಚುಮಾಡಿ ಜಗತ್ತಿಗೆ ಕೊಟ್ಟವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಹನ್ನೆರಡನೆಯ ಅಧಿಕರಣ ದುರ್ಬಲ ರಾಜನಿಗಾಗಿಯೇ ಮೀಸಲು. ಬಲಿಷ್ಠನ ಮುಂದೆ ಬೆತ್ತದಂತೆ ಬಾಗಿ ಬಾಳಬೇಕೆಂಬ ಭಾರದ್ವಾಜರ ಮತವನ್ನೂ ಇರುವ ಬಲವನ್ನೆಲ್ಲ ಒಡ್ಡಿ ಹೋರಾಡಬೇಕೆಂಬ ವಿಶಾಲಾಕ್ಷರ ಮತವನ್ನೂ ಎದುರಿಗಿಟ್ಟು ಕೌಟಿಲ್ಯ ಎರಡನ್ನೂ ತಳ್ಳಿಹಾಕುತ್ತಾನೆ. ಎಲ್ಲೆಲ್ಲಿಯೂ ಬಾಗುವವನದು ಹಿಂಡು ತಪ್ಪಿದ ಟಗರಿನ ಬಾಳು. ಅಲ್ಪ ಸೇನೆಯಿಂದ ಕಾದುವವನು ದೋಣಿಯಿಲ್ಲದೆ ಕಡಲಿಗಿಳಿದವನು. ಆದ್ದರಿಂದ ತನಗಿಂತ ಬಲವಂತನಾದ ಮಿತ್ರನನ್ನು, ಇಲ್ಲವೆ ಶತ್ರುವಿಗೆ ಎಟುಕದ ಕೋಟೆಯನ್ನು ಆಶ್ರಯಿಸಬೇಕೆಂಬುದು ಅವನ ಅಭಿಮತ. ರಾಜ್ಯದ ಏಳು ಅಂಗಗಳನ್ನು ಎಣಿಸುವಾಗಲೂ ಅವನು ಕೋಶವನ್ನು ಮೊದಲು ಹೇಳಿ ದಂಡನ್ನು ಆಮೇಲೆ ಹೇಳುತ್ತಾನೆ.

ಈ ವಿವೇಕಕ್ಕೆ ನಮ್ಮ ಕಾಲದಲ್ಲಿಯೂ ಸಾಕ್ಷಿಗಳಿವೆ. 1990ರ ಆಗಸ್ಟಿನಲ್ಲಿ ಇರಾಕ್ ಮೇಲೆ ಬಿದ್ದಾಗ ಕುವೈತಿನ ಬಳಿ ಯುದ್ಧವಿಮಾನಗಳಿದ್ದವು. ಅಲ್ಲಿಯ ಪೈಲಟ್‌ಗಳು ವಿಮಾನ ನಿಲ್ದಾಣ ಕೈಬಿಟ್ಟ ಮೇಲೂ ಹೆದ್ದಾರಿಯಿಂದಲೇ ಹಾರಿ ಹೋರಾಡಿದರು. ಅವರ ಶೌರ್ಯಕ್ಕೆ ಕೊರತೆಯಿರಲಿಲ್ಲ. ಆದರೂ ದೇಶ ಎರಡು ದಿನಗಳಲ್ಲಿ ಪರರ ವಶವಾಯಿತು. 2022ರಲ್ಲಿ ಉಕ್ರೇನ್ ತನ್ನ ಆಕಾಶವನ್ನು ರಷ್ಯದ ಬಲುದೊಡ್ಡ ವಾಯುಪಡೆಗೆ ಬಿಟ್ಟುಕೊಡದಿದ್ದುದಕ್ಕೆ ಮುಖ್ಯ ಕಾರಣ ನೆಲದಿಂದ ಹಾರಿಸುವ ಕ್ಷಿಪಣಿಗಳು. ಅವುಗಳನ್ನು ಆಗಾಗ ಸ್ಥಳ ಬದಲಿಸಿ ಕಾಪಾಡಿಕೊಂಡ ಜಾಣ್ಮೆ. ಕೌಟಿಲ್ಯ ಹೇಳಿದ ಕೋಟೆ ಎಂದರೆ ಇದೇ ಇರಬೇಕು.

ಇನ್ನು ಮಿತ್ರನ ಆಶ್ರಯ. ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಎಂಬ ಮೂರು ಪುಟ್ಟ ದೇಶಗಳಿಗೆ ಸ್ವಂತ ಯುದ್ಧವಿಮಾನಗಳಿಲ್ಲ. 2004ರಲ್ಲಿ ನ್ಯಾಟೋ ಒಕ್ಕೂಟ ಸೇರಿದಂದಿನಿಂದ ಒಕ್ಕೂಟದ ಇತರ ದೇಶಗಳ ವಿಮಾನಗಳು ಸರದಿಯಂತೆ ಬಂದು ಅವುಗಳ ಆಕಾಶ ಕಾಯುತ್ತಿವೆ. ಇದು ಮಿತವ್ಯಯದ ಮಾರ್ಗ. ಆದರೆ ನಮ್ಮ ಮನಸ್ಸು ಇಲ್ಲಿ ಸುಲಭವಾಗಿ ಮುಂದೆ ಸಾಗುವುದಿಲ್ಲ. ಲಿಥುವೇನಿಯದ ಮಂಜಿನಲ್ಲಿ ನಡುರಾತ್ರಿ ಹಾರುವವನು ಸ್ಪೇನಿನಲ್ಲಿಯೋ ಪೋರ್ಚುಗಲ್ಲಿನಲ್ಲಿಯೋ ಇರುವ ಒಬ್ಬ ತಾಯಿಯ ಮಗ. ನಮ್ಮ ಶಾಲೆ ಕಟ್ಟಲು ಉಳಿದ ಹಣ ಅವನು ಪಣಕ್ಕಿಟ್ಟ ಪ್ರಾಣದ ಉಳಿತಾಯವೂ ಹೌದು. ಈ ಋಣವನ್ನು ಆ ಮೂರು ದೇಶಗಳು ಬಲ್ಲವು. ವಿಮಾನ ನಿಲ್ದಾಣ ಒದಗಿಸಿ, ತಮ್ಮ ಶಕ್ತಿ ಮೀರಿ ರಕ್ಷಣೆಗೆ ವೆಚ್ಚ ಮಾಡುತ್ತ, ಮಿತ್ರರ ಜೊತೆ ದೂರದ ರಣಗಳಿಗೂ ತಮ್ಮ ಸೈನಿಕರನ್ನು ಕಳಿಸಿವೆ. ಋಣವನ್ನು ಒಪ್ಪಿ ಹೀಗೆ ಬೇರೆ ರೂಪದಲ್ಲಿ ತೀರಿಸುವವನ ಆಶ್ರಯ ಒಂದು ಬಗೆಯದು. ನೆರೆಯವನು ಹೇಗೂ ಕಾಯುತ್ತಾನೆಂದು ಮಲಗುವವನದು ಇನ್ನೊಂದು ಬಗೆಯದು. ವಿಮಾನ ಕೊಳ್ಳದವರನ್ನೆಲ್ಲ ಶಾಂತಿಪ್ರಿಯರೆಂದು ಹೊಗಳುವವರು ಈ ಭೇದವನ್ನು ಗಮನಿಸುವುದಿಲ್ಲ.

ನಮ್ಮ ಅಕ್ಕಲಕೋಟೆಯೂ ಒಂದು ಕಾಲದಲ್ಲಿ ಚಿಕ್ಕ ಸಂಸ್ಥಾನವಾಗಿತ್ತು. ಕುದುರೆಪಡೆ ಒದಗಿಸುವ ಹೊಣೆ ಅದರ ಮೇಲಿತ್ತು. ಬ್ರಿಟಿಷರ ಕಾಲದಲ್ಲಿ, 1868ರಲ್ಲಿ, ಆ ಪಡೆಯನ್ನು ವಿಸರ್ಜಿಸಿ ಬದಲಿಗೆ ವರ್ಷವರ್ಷ ಹಣ ಕಟ್ಟುವ ಏರ್ಪಾಟಾಯಿತು. ಪಡೆ ಸಾಕುವ ವೆಚ್ಚ ತಪ್ಪಿತೇನೋ ನಿಜ, ಆದರೆ ಬೇಡವೆನ್ನುವ ಸ್ವಾತಂತ್ರ್ಯ ಸಂಸ್ಥಾನಕ್ಕಿರಲಿಲ್ಲ. ಇಂದಿನ ಚಿಕ್ಕ ರಾಷ್ಟ್ರಕ್ಕೆ ಆ ಸ್ವಾತಂತ್ರ್ಯವಿದೆ. ನ್ಯೂಜಿಲೆಂಡ್ ಅದನ್ನು ಬಳಸಿತು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರಲ್ಲಿ ಕೆಲವರು ಅರಮನೆಯ ಶಸ್ತ್ರಾಗಾರವನ್ನೂ ನೋಡಿ ಹೋಗುತ್ತಾರೆ. ಗೋಡೆಯ ತುಂಬ ಕತ್ತಿ, ಬಂದೂಕು, ಗುರಾಣಿಗಳು. ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇವುಗಳಲ್ಲಿ ಎಷ್ಟು ಯುದ್ಧಕ್ಕೆ ಹೋಗಿದ್ದವು, ಸರ್?

ಚಿಕ್ಕ ರಾಷ್ಟ್ರದ ವಿಮಾನವನ್ನೂ ಹಾಗೆಯೇ ಕೇಳಬೇಕು: ನಿನ್ನ ಕೆಲಸವೇನು? ದೊಡ್ಡ ಶತ್ರುವನ್ನು ಗೆಲ್ಲುವುದೆಂದರೆ ಅದು ಜಂಬ. ಗುರುತು ಹೇಳದೆ ಗಡಿ ದಾಟಿ ಬಂದವನ ಪಕ್ಕದಲ್ಲಿ ಹಾರಿ ‘ಯಾರದು?’ ಎಂದು ಕೇಳುವುದೆಂದರೆ ಅದು ಕೆಲಸ. ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನು, ಮೂವತ್ತು ವರ್ಷಗಳ ಮೇವಿನ ಲೆಕ್ಕವನ್ನು ಪ್ರಜೆಗಳ ಮುಂದಿಟ್ಟು, ಅವರ ಒಪ್ಪಿಗೆಯಿಂದ ಕೊಂಡರೆ ನಮ್ಮ ಆಕ್ಷೇಪವಿಲ್ಲ. ಜಿನೀವಾದ ನಗೆಪಾಟಲಿನ ಬಳಿಕ ಸ್ವಿಸ್ ವಾಯುಪಡೆಯು ತನ್ನ ಕಾವಲನ್ನು ಹಂತಹಂತವಾಗಿ ಹೆಚ್ಚಿಸಿ 2020ರ ಕೊನೆಗೆ ಹಗಲಿರುಳೂ ನಡೆಯುವಂತೆ ಮಾಡಿತು. ಅದೂ ಹಳೆಯ ವಿಮಾನಗಳಿಂದಲೇ. ಎಫ್-35 ಒಂದೂ ಆಗ ಬಂದಿರಲಿಲ್ಲ.

ಈ ಪ್ರಶ್ನೆ ದೂರದ ದೇಶಗಳದ್ದೆಂದು ನಾವು ಕನ್ನಡಿಗರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ತೇಜಸ್ ವಿಮಾನವನ್ನು ತಯಾರಿಸುತ್ತಿದೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಅದು ಹಾರುವಾಗ ನಮ್ಮ ಎದೆಯೂ ಉಬ್ಬುತ್ತದೆ. ಅದರ ಎಂಜಿನ್ ಅಮೆರಿಕದ್ದು. ಎಂಜಿನ್ ತಡವಾಗಿ ಬಂದುದರಿಂದ ನಮ್ಮ ವಾಯುಪಡೆಯೇ ಹೊಸ ತೇಜಸ್‌ಗಳಿಗಾಗಿ ಕಾಯಬೇಕಾಯಿತು. ಆ ವಿಮಾನವನ್ನು ಈಗ ಇತರ ದೇಶಗಳಿಗೆ ಮಾರುವ ಯತ್ನವೂ ನಡೆದಿದೆ. ನಾಳೆ ಒಂದು ಚಿಕ್ಕ ದೇಶದ ಮಂತ್ರಿ ಯಲಹಂಕದ ಬಿಸಿಲಲ್ಲಿ ತಲೆಯೆತ್ತಿ ನಿಂತಾಗ, ಮಾರುವ ನಮ್ಮವರು ಬೆಲೆಯ ಚೀಟಿಯ ಜೊತೆಗೆ ಮೂವತ್ತನೆಯ ವರ್ಷದ ಚೀಟಿಯನ್ನೂ ಅವರ ಕೈಗೆ ಕೊಡುತ್ತಾರೆಯೆ? ಎಂಜಿನ್ ಯಾರ ಮರ್ಜಿಯಲ್ಲಿದೆಯೆಂದು ಹೇಳುತ್ತಾರೆಯೆ? ನಮ್ಮ ಸಂಘದ ಮನೆಗಳಿಂದ ಓದಿ ಹೋಗಿ ಅಂಥ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವ ತರುಣರು ಮುಂದಿನ ಕೂಟಕ್ಕೆ ಬಂದಾಗ ಇದನ್ನು ಅವರಿಂದಲೇ ಕೇಳಬೇಕೆಂದಿದ್ದೇವೆ.