ಎಷ್ಟು ಸೈಕಲ್ ಬೇಕಪ್ಪಾ ನಿಂಗೆ?

ಕೋಗಿಲಿನ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಮೂರು ಸೈಕಲ್ ಇದ್ದವು. ಬಟ್ಟೆ ಒಣಗಿಸೋಕೆ ಜಾಗ ಇಲ್ಲ ಅಂತ ಹೆಂಡತಿ ದಿನಾ ಹೇಳ್ತಿದ್ದಳು. ನಾನು ನಾಲ್ಕನೆಯದನ್ನ, ಒಂದು ಗ್ರಾವೆಲ್ ಬೈಕನ್ನ, ಆನ್‌ಲೈನ್ ಕಾರ್ಟಿಗೆ ಹಾಕಿಟ್ಟಿದ್ದೆ.

ಸೈಕಲ್ ಹುಚ್ಚಿನವರಲ್ಲಿ ಒಂದು ಹಳೇ ಸೂತ್ರ ಓಡಾಡುತ್ತೆ: ಬೇಕಾದ ಸೈಕಲ್ಲುಗಳ ಸಂಖ್ಯೆ ಎನ್ ಪ್ಲಸ್ ಒನ್. ಎನ್ ಅಂದರೆ ಈಗ ಇರುವಷ್ಟು. ಇದಕ್ಕೊಂದು ತಿದ್ದುಪಡಿಯೂ ಇದೆ, ಎಸ್ ಮೈನಸ್ ಒನ್. ಎಸ್ ಅಂದರೆ ಹೆಂಡತಿ ತವರಿಗೆ ಹೊರಟುಬಿಡುವ ಸಂಖ್ಯೆ. ಕೋಡ್ ಬರೆಯೋರಿಗೆ ಮೊದಲನೆಯದು ನೋಡಿದ ಕೂಡಲೇ ಗೊತ್ತಾಗುತ್ತೆ, ಅದು ನಿಲ್ಲೋ ಕಂಡೀಶನ್ನೇ ಇಲ್ಲದ ಲೂಪ್.

ವಾದ ಮಾಡೋಕೆ ಬೇಕಾದಷ್ಟಿದೆ. ಭಾನುವಾರ ನಸುಕಿಗೆ ಕೋಗಿಲು ಕ್ರಾಸಿಂದ ಬಳ್ಳಾರಿ ರೋಡ್ ಹಿಡಿದು, ದೇವನಹಳ್ಳಿ ದಾಟಿ ನಂದಿ ಬೆಟ್ಟ ಹತ್ತೋಕೆ ಸಣ್ಣ ಟೈರಿನ ರೋಡ್ ಬೈಕೇ ಸರಿ. ಅದನ್ನೇ ಸೋಮವಾರ ಲ್ಯಾಪ್‌ಟಾಪ್ ಹೊತ್ತು ಗುಂಡಿಗಳ ಮೇಲೆ ಮಾನ್ಯತಾ ಟೆಕ್ ಪಾರ್ಕಿಗೆ ಓಡಿಸಿದರೆ ಬೆನ್ನು ಹೋಗುತ್ತೆ, ಅದಕ್ಕೆ ಹೈಬ್ರಿಡ್. ಇಲ್ಲೀವರೆಗೆ ನಾನು ಪ್ರಾಮಾಣಿಕ. ಮೂರನೆಯ ಮೌಂಟನ್ ಬೈಕ್? ಮಣ್ಣು ದಾರಿಗೆ ಅಂತ ತಂದದ್ದು. ಪೆಡಲ್ಲಿಗೂ ಗೋಡೆಗೂ ಜೇಡ ಬಲೆ ಕಟ್ಟಿತ್ತು.

ಊರಿಂದ ತಂಗಿ ಫೋನ್ ಮಾಡಿದಾಗ ಮಾತು ಇದಕ್ಕೇ ಬಂತು. "ಎಷ್ಟಿದಾವೆ ಅಣ್ಣ ಸೈಕಲ್ಲು?"

"ಮೂರು ಕಣಮ್ಮ."

"ನನ್ನದನ್ನೂ ಸೇರಿಸಿ ಎಣಿಸಿದ್ಯಾ?" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರು ಮಾಡ್ತಲ್ಲ, ಅದರ ಮುಂದಿನ ವರ್ಷ ಅವಳಿಗೂ ಒಂದು ಸಿಕ್ಕಿತು. ನಮ್ಮನೆಗೆ ಬಂದ ಮೊದಲ ಸೈಕಲ್ ಅದು. ನಾನಾಗ ಪಿಯುಸಿ. ಕಾಲೇಜು ಏಳು ಕಿಲೋಮೀಟರು, ಬಸ್ಸು ಬಂದರೆ ಬಂತು. "ಹುಡುಗ ಸೈನ್ಸ್ ಓದ್ತಾನೆ, ಅವನೇ ತಗೊಂಡು ಹೋಗ್ಲಿ" ಅಂದರು ಅಪ್ಪ. ನಾನು ಬೇಡ ಅನ್ನಲಿಲ್ಲ. ಅವಳು ಹೈಸ್ಕೂಲಿಗೆ ಮೂರು ಕಿಲೋಮೀಟರು ನಡೆದಳು. ಮಳೆ ಬಂದ ದಿನ ಮೊದಲ ಪೀರಿಯಡ್ ತಪ್ಪುತ್ತಿತ್ತು, ಅದು ಗಣಿತದ್ದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದಳು. ಸೈಕಲ್ಲೇ ಕಾರಣ ಅಂತ ಅವಳು ಯಾವತ್ತೂ ಹೇಳಿಲ್ಲ. ನಾನೂ ಕೇಳಿಲ್ಲ.

ಒಂದು ವಸ್ತು ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ನೋಡಿದರೆ ಎಲ್ಲದಕ್ಕೂ ಕಾರಣ ಸಿಗುತ್ತೆ. ಅದು ಇಲ್ಲದಿದ್ದರೆ ಏನು ಕೈತಪ್ಪುತ್ತೆ ಅಂತ ಕೇಳಿಕೊಂಡರೆ ಮಾತು ಬೇರೆಯೇ. ಅವತ್ತಿನ ಆ ಒಂದು ಸೈಕಲ್ ನಮ್ಮಿಬ್ಬರಿಗೂ ಬೇಕಿತ್ತು. ಬಾಲ್ಕನಿಯ ಮೂರನೆಯದು ಮಾಯವಾಗಿದ್ದರೆ ನನಗೆ ವಾರಗಟ್ಟಲೆ ಗೊತ್ತೇ ಆಗ್ತಿರಲಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳಂತೆ. ಸ್ಕೂಲಲ್ಲಿ ಕೇಳಿದಾಗ, ಒಂದಿಷ್ಟು ಅಕ್ಕಿಗೆ ಇಷ್ಟು ರಂಪ ಯಾಕೆ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ.

ಮೌಂಟನ್ ಬೈಕನ್ನ ತಳ್ಳಿಕೊಂಡು ಸೈಕಲ್ ಶಾಪಿಗೆ ಹೋದೆ. "ಓಡಿಸಿ ಹಾಳಾಗಿಲ್ಲ ಸಾರ್, ನಿಲ್ಲಿಸೀ ನಿಲ್ಲಿಸೀ ಹಾಳಾಗಿದೆ" ಅಂದ ಮೆಕ್ಯಾನಿಕ್. ಹೊಸ ಚೈನು, ಎರಡು ಟ್ಯೂಬು ಹಾಕಿಸಿ ನಮ್ಮ ವಾಚ್‌ಮನ್ ಮಗಳಿಗೆ ಕೊಟ್ಟೆ. ಒಂಬತ್ತನೇ ಕ್ಲಾಸು. ನನಗೆ ಬೇಡದ್ದನ್ನ ಕೊಟ್ಟಿದ್ದು, ದಾನ ಅನ್ನೋಕೆ ನಾಚಿಕೆಯಾಗುತ್ತೆ. ಕೊಡುವಾಗ ಅವಳ ಅಣ್ಣ ಆಗಲೇ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತಿದ್ದ. "ಇದು ಅವಳದು ಕಣೋ" ಅಂದೆ, ಸ್ವಲ್ಪ ಜೋರಾಗೇ.

ಗ್ರಾವೆಲ್ ಬೈಕನ್ನ ಕಾರ್ಟಿಂದ ಇನ್ನೂ ತೆಗೆದಿಲ್ಲ.